ಫೀನಾಲ್ ಅನ್ನು ಪಳಗಿಸಿದ ಬೇಕ್‌ಲ್ಯಾಂಡ್

ಮನೆಯ ಪ್ರೆಶರ್ ಕುಕ್ಕರ್‌ನ ಕಪ್ಪು ಹಿಡಿಯನ್ನು ಒಮ್ಮೆ ಗಮನಿಸಿ ನೋಡಿ. ಕೆಳಗೆ ಗ್ಯಾಸ್ ಉರಿ, ಒಳಗೆ ಕುದಿಯೋ ಬೇಳೆ, ಆದರೂ ಹಿಡಿ ಕರಗಲ್ಲ. ಹಳೇ ಮನೆಗಳ ಕಂದು ಬಣ್ಣದ ಸ್ವಿಚ್‌ಗಳು, ತಾತನ ಕಾಲದ ಕಪ್ಪು ಟೆಲಿಫೋನು, ಮಿನಿ ಪ್ರಾಜೆಕ್ಟ್‌ಗೆ ಅಂತ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗೋ ಅಗ್ಗದ ಕಂದು ಪಿಸಿಬಿ ಬೋರ್ಡು, ಇವೆಲ್ಲ ಒಂದೇ ಕುಟುಂಬದವು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿ ಆಗುವ ರೆಸಿನ್‌ನಿಂದ ಬಂದವು. ಈ ರೆಸಿನ್‌ನ ಪ್ರಸಿದ್ಧ ಹೆಸರು ಬೇಕಲೈಟ್.

ಪಿಯುಸಿಯಲ್ಲಿ ಫೀನಾಲ್‌ನ ರಿಯಾಕ್ಷನ್‌ಗಳನ್ನು ನಾವೆಲ್ಲ ಓದಿದ್ದೇವೆ. ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಬಣ್ಣ, ಬ್ರೋಮಿನ್ ನೀರು ಹಾಕಿದರೆ ಬಿಳಿ ಗಷ್ಟು, ಕೋಲ್ಬೆ, ರೈಮರ್-ಟೀಮನ್ ಅಂತ ಒಂದು ಪಟ್ಟಿ. ಆ ಪಟ್ಟಿಯ ಕೊನೆಯಲ್ಲೆಲ್ಲೋ ಬೇಕಲೈಟ್ ಅಂತ ಒಂದು ಸಾಲು ಬರುತ್ತೆ. ಒಂದು ಸಾಲಿನಲ್ಲಿ ಮುಗಿಯೋ ಆ ರಿಯಾಕ್ಷನ್ ಅನ್ನು ಹತೋಟಿಗೆ ತರಲು ಲೋಕದ ರಸಾಯನಶಾಸ್ತ್ರಜ್ಞರಿಗೆ 35 ವರ್ಷ ಬೇಕಾಯಿತು. ಕೊನೆಗೆ ಅದನ್ನು ಸಾಧಿಸಿದವರು ಲಿಯೋ ಹೆಂಡ್ರಿಕ್ ಬೇಕ್‌ಲ್ಯಾಂಡ್. ಅವರ ಬದುಕನ್ನು ಒಮ್ಮೆ ಓದಿದರೆ ಆ ಸಾಲಿನ ಅರ್ಥವೇ ಬೇರೆಯಾಗುತ್ತೆ ಅನ್ನೋದು ನಮ್ಮ ಅನಿಸಿಕೆ.

ಗೆಂಟ್‌ನ ಹುಡುಗ

ಬೇಕ್‌ಲ್ಯಾಂಡ್ ಹುಟ್ಟಿದ್ದು 1863ರ ನವೆಂಬರ್ 14ರಂದು, ಬೆಲ್ಜಿಯಂ ದೇಶದ ಗೆಂಟ್‌ನಲ್ಲಿ. ಅಪ್ಪ ಶೂ ಹೊಲಿಯುತ್ತಿದ್ದರು. ಅಮ್ಮ ಮನೆಗೆಲಸ ಮಾಡಿ ದುಡಿದವರು. ಮಗ ಬೇಗ ಒಂದು ಕಸುಬು ಕಲಿತು ಸಂಪಾದನೆಗೆ ನಿಲ್ಲಲಿ ಅನ್ನೋದು ಅಪ್ಪನ ಆಸೆ, ಓದಲಿ ಅನ್ನೋದು ಅಮ್ಮನ ಹಟ. ಗೆದ್ದಿದ್ದು ಅಮ್ಮ. ಹುಡುಗ ಸಂಜೆ ತರಗತಿಗಳಲ್ಲೂ ಕೂತು ಕಲಿತ. ಊರಿನ ಸ್ಕಾಲರ್‌ಶಿಪ್ ಸಿಕ್ಕಿ 17ನೇ ವಯಸ್ಸಿಗೇ ಗೆಂಟ್ ವಿಶ್ವವಿದ್ಯಾಲಯ ಸೇರಿದ. 1884ರಲ್ಲಿ ಡಾಕ್ಟರೇಟ್ ಕೈಗೆ ಬಂದಾಗ ಅವನ ವಯಸ್ಸು ಬರೀ 21. ನಮ್ಮಲ್ಲಿ ಆ ವಯಸ್ಸಿಗೆ ಪ್ಲೇಸ್‌ಮೆಂಟ್ ಸೀಸನ್ ನಡೀತಿರುತ್ತೆ.

ಆ ಹುಡುಗನಿಗೆ ಫೋಟೋಗ್ರಫಿ ಹುಚ್ಚು. ಆಗ ಫೋಟೋ ತೆಗೆಯಲು ಸಿಲ್ವರ್ ನೈಟ್ರೇಟ್ ಬೇಕು, ಅದು ದುಬಾರಿ. ಅಪ್ಪ ಕೊಟ್ಟ ಗಡಿಯಾರದ ಬೆಳ್ಳಿ ಸರವನ್ನೇ ಆಸಿಡ್‌ನಲ್ಲಿ ಕರಗಿಸಿ, ಅದರಲ್ಲಿದ್ದ ತಾಮ್ರವನ್ನು ಬೇರ್ಪಡಿಸಿ ಸಿಲ್ವರ್ ನೈಟ್ರೇಟ್ ಮಾಡಿಕೊಂಡ ಅಂತ ಒಂದು ಕತೆ ಅವರ ಬಗ್ಗೆ ಎಲ್ಲರೂ ಹೇಳುತ್ತಾರೆ.

ಮುಂದೆ ಅವರು ಅದೇ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 1889ರಲ್ಲಿ ತಮ್ಮ ಪ್ರೊಫೆಸರ್ ಸ್ವಾರ್ಟ್ಸ್ ಅವರ ಮಗಳು ಸೆಲಿನ್ ಅವರನ್ನು ಮದುವೆಯಾದರು. ಪ್ರವಾಸಕ್ಕೆ ಅಂತ ಸಿಕ್ಕ ಫೆಲೋಶಿಪ್‌ನಲ್ಲಿ ಇಬ್ಬರೂ ಅಮೆರಿಕಕ್ಕೆ ಹೋದರು. ಅಲ್ಲೇ ಒಂದು ಫೋಟೋಗ್ರಫಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೇಷ್ಟ್ರ ಕೆಲಸಕ್ಕೆ ವಾಪಸ್ ಹೋಗಲೇ ಇಲ್ಲ.

ಹಾಗಂತ ಅಮೆರಿಕದಲ್ಲಿ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಒಂದೆರಡು ವರ್ಷದಲ್ಲೇ ಕೆಲಸ ಬಿಟ್ಟು ಸ್ವತಂತ್ರವಾಗಿ ಕನ್ಸಲ್ಟೆಂಟ್ ಆಗಲು ಹೊರಟರು. ಏಕಕಾಲಕ್ಕೆ ಹತ್ತಾರು ಐಡಿಯಾಗಳಿಗೆ ಕೈ ಹಾಕಿದ್ದರಿಂದ ಯಾವುದೂ ದಡ ಸೇರಲಿಲ್ಲ. ದುಡ್ಡು ಖಾಲಿಯಾಯಿತು, ಮೇಲಿಂದ ಕಾಯಿಲೆ ಬಂದು ಹಾಸಿಗೆ ಹಿಡಿದರು. ಮಲಗಿದ್ದಲ್ಲೇ ಯೋಚಿಸಿ, ಎಲ್ಲವನ್ನೂ ಪಕ್ಕಕ್ಕಿಟ್ಟು ಬೇಗ ಫಲ ಕೊಡಬಹುದಾದ ಒಂದನ್ನು ಮಾತ್ರ ಹಿಡಿಯಬೇಕು ಅಂತ ತೀರ್ಮಾನ ಮಾಡಿದರು. ಆ ಒಂದು ಐಡಿಯಾನೇ ವೆಲಾಕ್ಸ್, ಅಂದರೆ ಬಿಸಿಲಿಗೆ ಕಾಯದೆ ದೀಪದ ಬೆಳಕಿನಲ್ಲೇ ಪ್ರಿಂಟ್ ಹಾಕಬಹುದಾದ ಫೋಟೋ ಕಾಗದ. 1893ರಲ್ಲಿ ಪಾಲುದಾರರ ಜೊತೆ ನೆಪೆರಾ ಕೆಮಿಕಲ್ ಕಂಪನಿ ಶುರು ಮಾಡಿದರು. 1899ರಲ್ಲಿ ಕೊಡಕ್‌ನ ಜಾರ್ಜ್ ಈಸ್ಟ್‌ಮನ್ ಆ ಕಂಪನಿಯನ್ನು ಕೊಂಡುಕೊಂಡರು. ಬೇಕ್‌ಲ್ಯಾಂಡ್ 35 ವಯಸ್ಸಿಗೇ ಶ್ರೀಮಂತರಾದರು. ನ್ಯೂಯಾರ್ಕ್ ಹತ್ತಿರದ ಯಾಂಕರ್ಸ್‌ನಲ್ಲಿ ದೊಡ್ಡ ಮನೆ ಕೊಂಡು, ಅದರ ಕುದುರೆ ಲಾಯವನ್ನು ಸ್ವಂತ ಲ್ಯಾಬ್ ಮಾಡಿಕೊಂಡರು.

ಆದರೆ ಮಾರಾಟದ ಒಪ್ಪಂದದಲ್ಲಿ ಒಂದು ಷರತ್ತಿತ್ತು. 20 ವರ್ಷ ಫೋಟೋಗ್ರಫಿ ಕ್ಷೇತ್ರಕ್ಕೆ ಕಾಲಿಡುವಂತಿರಲಿಲ್ಲ. ಗೊತ್ತಿದ್ದ ವಿದ್ಯೆಯ ಬಾಗಿಲೇ ಮುಚ್ಚಿತು. ಅವರು ಜರ್ಮನಿಗೆ ಹೋಗಿ, ಮತ್ತೆ ವಿದ್ಯಾರ್ಥಿಯಂತೆ ಎಲೆಕ್ಟ್ರೋಕೆಮಿಸ್ಟ್ರಿ ಕಲಿತು ಬಂದರು. ನಯಾಗರಾ ಹತ್ತಿರ ಉಪ್ಪುನೀರಿನಿಂದ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತೆಗೆಯುವ ಕಾರ್ಖಾನೆಯೊಂದಕ್ಕೆ ಸಲಹೆಗಾರರಾಗಿ ಕೆಲಸ ಮಾಡಿದರು. ಲ್ಯಾಬ್‌ನಲ್ಲಿ ಸರಿಹೋದದ್ದು ಕಾರ್ಖಾನೆಯಲ್ಲಿ ಯಾಕೆ ಕೈಕೊಡುತ್ತೆ ಅನ್ನೋ ಪಾಠ ಅಲ್ಲಿ ಸಿಕ್ಕಿತು. ಮುಂದೆ ಅದೇ ಕೆಲಸಕ್ಕೆ ಬಂತು.

ಅರಗಿಗೆ ಬದಲಿ ಬೇಕು

1900ರ ಆಸುಪಾಸಿನಲ್ಲಿ ವಿದ್ಯುತ್ ಉದ್ಯಮ ಜೋರಾಗಿ ಬೆಳೀತಿತ್ತು. ತಂತಿಗೆ, ಕಾಯಿಲ್‌ಗೆ, ಸ್ವಿಚ್‌ಗೆ ಇನ್ಸುಲೇಟರ್ ಬೇಕಿತ್ತು. ಆಗ ಹೆಚ್ಚು ಬಳಕೆಯಲ್ಲಿದ್ದದ್ದು ಷೆಲ್ಯಾಕ್, ಅಂದರೆ ನಮ್ಮ ಅರಗು. ಮರದ ಕೊಂಬೆಗಳ ಮೇಲೆ ಕೂರೋ ಒಂದು ಪುಟ್ಟ ಕೀಟ ಸ್ರವಿಸುವ ಅಂಟು ಅದು. ಹೆಚ್ಚಿನ ಪಾಲು ಹೋಗುತ್ತಿದ್ದದ್ದು ಭಾರತದಿಂದಲೇ. ಚನ್ನಪಟ್ಟಣದ ಬೊಂಬೆಗಳ ಹೊಳಪು ಇದೇ ಅರಗಿನದು. ಅಂಚೆ ಕಚೇರಿಯಲ್ಲಿ ಲಕೋಟೆಗೆ ಒತ್ತುತ್ತಿದ್ದ ಕೆಂಪು ಮುದ್ರೆಯೂ ಇದರದ್ದೇ. ಕೀಟ ಕೊಡುವಷ್ಟು ಮಾತ್ರ ಸಿಗುತ್ತಿದ್ದರಿಂದ ಬೇಡಿಕೆ ಏರಿದಂತೆ ಬೆಲೆಯೂ ಏರಿತು. ಇನ್ನೊಂದು ತೊಂದರೆ ಅಂದರೆ ಅರಗು ಬಿಸಿಗೆ ಕರಗುತ್ತೆ, ಬೆಂಕಿ ಹಿಡಿಯುತ್ತೆ. ಮಹಾಭಾರತದ ಅರಗಿನ ಮನೆ ಕತೆ ಗೊತ್ತಿರೋ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಯಾಗೋ ಮೋಟಾರ್ ಒಳಗೆ ಅಂಥ ವಸ್ತು ಎಷ್ಟು ದಿನ ಬಾಳೀತು?

ಹಾಗಾಗಿ ಕೃತಕ ಅರಗು ಮಾಡಿದವನಿಗೆ ಮಾರುಕಟ್ಟೆ ಸಿದ್ಧವಾಗಿತ್ತು. ಬೇಕ್‌ಲ್ಯಾಂಡ್ ಅದಕ್ಕೆ ಆರಿಸಿಕೊಂಡದ್ದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್. ಈ ಜೋಡಿಯೇನೂ ಹೊಸದಲ್ಲ. 1872ರಲ್ಲೇ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫೀನಾಲ್ ಜೊತೆ ಆಲ್ಡಿಹೈಡ್‌ಗಳನ್ನು ಸೇರಿಸಿ ನೋಡಿದ್ದರು. ಅವರಿಗೆ ಸಿಕ್ಕಿದ್ದು ಅಂಟಂಟಾದ ರಾಳ. ಅವರು ಹುಡುಕುತ್ತಿದ್ದದ್ದು ಶುದ್ಧ ಹರಳು. ರಾಳ ಹರಳಾಗಲ್ಲ, ಬಟ್ಟಿ ಇಳಿಸಲು ಬರಲ್ಲ, ಫ್ಲಾಸ್ಕ್‌ಗೆ ಹಿಡಿದರೆ ಬಿಡಲ್ಲ. ಮುಂದಿನ ಮೂವತ್ತು ವರ್ಷ ಹಲವರು ಪ್ರಯತ್ನಪಟ್ಟರು. ಹೆಚ್ಚಿನವರಿಗೆ ಅದು ಕೆಟ್ಟುಹೋದ ಪ್ರಯೋಗವಾಗಿಯೇ ಕಂಡಿತು.

ಫೀನಾಲ್‌ನ ಸ್ವಭಾವ

ಯಾಕೆ ಹೀಗಾಗುತ್ತೆ ಅಂತ ತಿಳಿಯಲು ಫೀನಾಲ್ ಸ್ವಭಾವವನ್ನು ಸ್ವಲ್ಪ ನೋಡೋಣ. ಬೆಂಜೀನ್ ಉಂಗುರಕ್ಕೆ ಒಂದು ಓಎಚ್ ಗುಂಪು ಅಂಟಿಕೊಂಡರೆ ಅದೇ ಫೀನಾಲ್. ಬೆಂಜೀನ್ ತನ್ನಷ್ಟಕ್ಕೆ ಸೋಮಾರಿ. ಬ್ರೋಮಿನ್ ಜೊತೆ ಸೇರಬೇಕಾದರೂ ಕೆಟಲಿಸ್ಟ್ ಬೇಕು. ಆದರೆ ಓಎಚ್ ಬಂದ ಕೂಡಲೇ ಆಕ್ಸಿಜನ್ ತನ್ನ ಬಳಿಯ ಜೋಡಿ ಎಲೆಕ್ಟ್ರಾನ್‌ಗಳನ್ನು ಉಂಗುರದ ಕಡೆ ಸರಿಸುತ್ತೆ. ಇದರಿಂದ ಓಎಚ್‌ನ ಅಕ್ಕಪಕ್ಕದ ಎರಡು ಆರ್ಥೋ ಜಾಗಗಳು ಮತ್ತು ಎದುರಿನ ಪ್ಯಾರಾ ಜಾಗ, ಒಟ್ಟು ಮೂರು ಜಾಗ ಎಲೆಕ್ಟ್ರಾನ್‌ಗಳಿಂದ ತುಂಬಿಕೊಳ್ಳುತ್ತವೆ. ಅದಕ್ಕೇ ಬ್ರೋಮಿನ್ ನೀರು ಹಾಕಿದ ತಕ್ಷಣ, ಕೆಟಲಿಸ್ಟ್ ಇಲ್ಲದೇನೇ, ಮೂರೂ ಜಾಗಕ್ಕೆ ಬ್ರೋಮಿನ್ ಕೂತು ಬಿಳಿ ಗಷ್ಟು ಬೀಳುತ್ತೆ. ಒಂದೇ ಜಾಗದಲ್ಲಿ ನಿಲ್ಲಿಸಬೇಕು ಅಂದರೆ ಸಾಲ್ವೆಂಟ್ ಬದಲಿಸಿ, ತಣ್ಣಗಿಟ್ಟು ಉಪಾಯ ಮಾಡಬೇಕು.

ಫಾರ್ಮಾಲ್ಡಿಹೈಡ್ ಬಂದಾಗಲೂ ಇದೇ ಕತೆ. ಆರ್ಥೋ ಅಥವಾ ಪ್ಯಾರಾ ಜಾಗಕ್ಕೆ ಅದು ಮೊದಲು ಒಂದು ಹೈಡ್ರಾಕ್ಸಿಮೀಥೈಲ್ ಗುಂಪಾಗಿ ಅಂಟಿಕೊಳ್ಳುತ್ತೆ. ಆ ಗುಂಪು ಪಕ್ಕದ ಇನ್ನೊಂದು ಫೀನಾಲ್ ಜೊತೆ ಸೇರಿ, ಒಂದು ನೀರಿನ ಅಣುವನ್ನು ಹೊರಹಾಕಿ, ನಡುವೆ ಮೀಥಿಲೀನ್ ಸೇತುವೆ ಕಟ್ಟುತ್ತೆ. ಒಂದೊಂದು ಫೀನಾಲ್‌ಗೂ ಮೂರು ಕೈಗಳಿರುವುದರಿಂದ ಸರಪಳಿ ಉದ್ದಕ್ಕೆ ಮಾತ್ರ ಬೆಳೆಯಲ್ಲ. ಎಲ್ಲ ದಿಕ್ಕಿಗೂ ಹಬ್ಬಿ ಮೂರು ಆಯಾಮದ ಬಲೆಯಾಗುತ್ತೆ. ಬಲೆ ಪೂರ್ತಿ ಬಿಗಿದ ಮೇಲೆ ಇಡೀ ತುಂಡೇ ಒಂದು ದೈತ್ಯ ಅಣು ಇದ್ದ ಹಾಗೆ. ಅದು ಯಾವ ಸಾಲ್ವೆಂಟ್‌ನಲ್ಲೂ ಕರಗಲ್ಲ, ಕಾಯಿಸಿದರೂ ಮೆತ್ತಗಾಗಲ್ಲ. ಬೆಣ್ಣೆ ಕರಗುತ್ತೆ, ಮತ್ತೆ ಗಟ್ಟಿಯಾಗುತ್ತೆ. ದೋಸೆ ಹಿಟ್ಟು ಒಮ್ಮೆ ಕಾವಲಿ ಮೇಲೆ ಬೆಂದರೆ ಮತ್ತೆ ಹಿಟ್ಟಾಗಲ್ಲ. ಥರ್ಮೋಪ್ಲಾಸ್ಟಿಕ್ ಮತ್ತು ಥರ್ಮೋಸೆಟ್ ನಡುವಿನ ವ್ಯತ್ಯಾಸ ಇಷ್ಟೇ.

ಗಮನಿಸಬೇಕಾದ್ದು, ಈ ಬಲೆ, ದೈತ್ಯ ಅಣು ಅನ್ನೋ ಚಿತ್ರ ಬೇಕ್‌ಲ್ಯಾಂಡ್ ಬಳಿ ಇರಲಿಲ್ಲ. ಸಾವಿರಾರು ಘಟಕಗಳು ಸೇರಿ ಒಂದೇ ಅಣುವಾಗುತ್ತೆ ಅಂತ ಹರ್ಮನ್ ಸ್ಟೌಡಿಂಗರ್ ವಾದ ಮಂಡಿಸಿದ್ದೇ 1920ರಲ್ಲಿ. ಥಿಯರಿ ಇಲ್ಲದ ಕಾಲದಲ್ಲಿ ಬೇಕ್‌ಲ್ಯಾಂಡ್ ಬರೀ ಪ್ರಯೋಗ ಮತ್ತು ನೋಟ್‌ಬುಕ್ ನಂಬಿ ಕೆಲಸ ಮಾಡಿದರು. ಫೀನಾಲ್‌ನ ಪ್ರಮಾಣ ಎಷ್ಟು, ಫಾರ್ಮಾಲ್ಡಿಹೈಡ್ ಎಷ್ಟು, ಆಸಿಡ್ ಹಾಕಬೇಕೋ ಬೇಸ್ ಹಾಕಬೇಕೋ, ಉಷ್ಣತೆ ಎಷ್ಟು, ಎಷ್ಟು ಹೊತ್ತು, ಹೀಗೆ ಒಂದೊಂದೇ ಬದಲಿಸಿ ಬರೆದಿಟ್ಟರು.

ಆಸಿಡ್ ಹಾಕಿ, ಫೀನಾಲ್ ಹೆಚ್ಚಿಟ್ಟು, ಫಾರ್ಮಾಲ್ಡಿಹೈಡ್ ಕಡಿಮೆ ಮಾಡಿದರೆ ಸೇತುವೆಗಳು ಕಡಿಮೆಯಾಗಿ, ಕರಗಬಲ್ಲ ರಾಳ ಬರುತ್ತೆ. ಅದಕ್ಕೆ ನೊವೊಲ್ಯಾಕ್ ಅಂತ ಹೆಸರಿಟ್ಟು ಅರಗಿಗೆ ಬದಲಿಯಾಗಿ ಮಾರಲು ನೋಡಿದರು. ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಅದರ ಬದಲು ಬೇಸ್ ಹಾಕಿದರೆ ಫೀನಾಲ್‌ನ ಆಸಿಡ್ ಗುಣ ಕೆಲಸಕ್ಕೆ ಬರುತ್ತೆ. ಓಎಚ್‌ನ ಹೈಡ್ರೋಜನ್ ಕಳಚಿ ಫೀನಾಕ್ಸೈಡ್ ಆಗುತ್ತೆ, ಉಂಗುರ ಇನ್ನೂ ಚುರುಕಾಗುತ್ತೆ. ಜೊತೆಗೆ ಫಾರ್ಮಾಲ್ಡಿಹೈಡ್ ಸಾಕಷ್ಟಿದ್ದರೆ, ಬರೀ ಕಾಯಿಸಿದರೆ ಸಾಕು, ತಾನೇ ಬಿಗಿದುಕೊಳ್ಳುವ ರಾಳ ಸಿಗುತ್ತೆ.

ಒತ್ತಡದ ಉಪಾಯ

ಸಮಸ್ಯೆ ಇದ್ದದ್ದು ಇಲ್ಲೇ. ರಿಯಾಕ್ಷನ್ ನಡೆದಾಗ ಶಾಖ ಹುಟ್ಟುತ್ತೆ, ನೀರು ಹೊರಬರುತ್ತೆ. ಶಾಖಕ್ಕೆ ನೀರು ಆವಿಯಾಗಿ ಗುಳ್ಳೆ ಏಳುತ್ತೆ. ಗಟ್ಟಿಯಾಗುವ ಹೊತ್ತಿಗೆ ಇಡೀ ತುಂಡು ಇಡ್ಲಿ ಥರ ತೂತುತೂತಾಗಿರುತ್ತೆ. ಇಡ್ಲಿಗೆ ಅದು ಸರಿ, ಇನ್ಸುಲೇಟರ್‌ಗೆ ಅಲ್ಲ. ಹಾಗಾಗಿ ಬೇಕ್‌ಲ್ಯಾಂಡ್‌ಗಿಂತ ಮೊದಲಿನವರು ಗುಳ್ಳೆಗೆ ಹೆದರಿ ಉಷ್ಣತೆಯನ್ನು ಕಡಿಮೆ ಇಟ್ಟು, ದಿನಗಟ್ಟಲೆ ಕಾಯುತ್ತಿದ್ದರು. ಆಗಲೂ ಸಿಗುತ್ತಿದ್ದ ವಸ್ತು ಚೆನ್ನಾಗಿರುತ್ತಿರಲಿಲ್ಲ.

1907ರ ಜೂನ್‌ನಲ್ಲಿ ಬೇಕ್‌ಲ್ಯಾಂಡ್ ಈ ಮಿಶ್ರಣವನ್ನು ಮರದ ತುಂಡುಗಳಿಗೆ ಕುಡಿಸಿ, ಮೆತ್ತನೆ ಮರವನ್ನು ಗಟ್ಟಿ ಮಾಡಲು ನೋಡುತ್ತಿದ್ದರು. ಮರಕ್ಕಿಂತ ಹೆಚ್ಚಾಗಿ, ಅದರಿಂದ ಹೊರಗೆ ಒಸರಿ ಗಟ್ಟಿಯಾಗಿದ್ದ ರಾಳ ಅವರ ಗಮನ ಸೆಳೆಯಿತು. ಮರವನ್ನು ಬಿಟ್ಟು ಬರೀ ಮಿಶ್ರಣವನ್ನೇ ಮುಚ್ಚಿದ ಕೊಳವೆಯಲ್ಲಿ ಹಾಕಿ ಸುಮಾರು 150 ಡಿಗ್ರಿವರೆಗೆ ಕಾಯಿಸಿದರು. ಹೊರಬಂದದ್ದು ಕೊಳವೆಯದೇ ಆಕಾರದ ಗಟ್ಟಿ ಕಡ್ಡಿ.

ಎಲ್ಲರೂ ಉಷ್ಣತೆ ಇಳಿಸಿದ ಕಡೆ ಇವರು ಏರಿಸಿದರು. ಜೊತೆಗೆ ಮೇಲಿಂದ ಒತ್ತಡ ಕೊಟ್ಟರು. ಒಳಗಿನ ಆವಿಯ ಒತ್ತಡಕ್ಕಿಂತ ಹೊರಗಿನ ಒತ್ತಡ ಹೆಚ್ಚಿದ್ದರೆ ಗುಳ್ಳೆ ಏಳೋಕೇ ಜಾಗವಿಲ್ಲ. ಬೇಯೋ ಕೆಲಸವೂ ದಿನಗಳಿಂದ ಗಂಟೆಗಳಿಗೆ ಇಳಿಯುತ್ತೆ. ಇದಕ್ಕಾಗಿ ಅವರು ಮಾಡಿಸಿಕೊಂಡ ಮೊಟ್ಟೆಯಾಕಾರದ ಕಬ್ಬಿಣದ ಪಾತ್ರೆಗೆ ಬೇಕಲೈಸರ್ ಅಂತ ಹೆಸರು. ಸರಳವಾಗಿ ಹೇಳಬೇಕಾದರೆ ಅದೊಂದು ದೊಡ್ಡ ಪ್ರೆಶರ್ ಕುಕ್ಕರ್. ಅದನ್ನು ಈಗಲೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಜೋಪಾನವಾಗಿ ಇಟ್ಟಿದೆ.

ಇನ್ನೊಂದು ಮುಖ್ಯ ಕೆಲಸ ಅಂದರೆ ರಿಯಾಕ್ಷನ್ ಅನ್ನು ಮೂರು ಹಂತಗಳಾಗಿ ಬಿಡಿಸಿದ್ದು. ಎ ಹಂತದಲ್ಲಿ ರಾಳ ಕರಗುತ್ತೆ, ಸುರಿಯಬಹುದು. ಬಿ ಹಂತದಲ್ಲಿ ಗಟ್ಟಿ, ಆದರೆ ಬಿಸಿಗೆ ಮೆತ್ತಗಾಗುತ್ತೆ, ಅಚ್ಚಿಗೆ ಒತ್ತಬಹುದು. ಸಿ ಹಂತದಲ್ಲಿ ಮುಗೀತು, ಇನ್ನು ಬದಲಾಗಲ್ಲ. ನಡುವೆ ನಿಲ್ಲಿಸೋಕೆ ಬಂದದ್ದರಿಂದಲೇ ಒಂದು ಕಾರ್ಖಾನೆಯಲ್ಲಿ ಪುಡಿ ಮಾಡಿ, ಇನ್ನೊಂದು ಕಾರ್ಖಾನೆಯಲ್ಲಿ ಅಚ್ಚು ಹಾಕೋದು ಸಾಧ್ಯವಾಯಿತು. ಪುಡಿಗೆ ಮರದ ಹೊಟ್ಟು ಸೇರಿಸಿದರೆ ಸುಲಭಕ್ಕೆ ಒಡೆಯದ ಹಾಗೂ ಆಯಿತು.

1907ರ ಜುಲೈ 13ರಂದು ಶಾಖ ಮತ್ತು ಒತ್ತಡದ ಈ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಇಂಗ್ಲೆಂಡ್‌ನಲ್ಲಿ ಜೇಮ್ಸ್ ಸ್ವಿನ್‌ಬರ್ನ್ ಅನ್ನೋ ಎಂಜಿನಿಯರ್ ಕೂಡ ಇದೇ ರಾಳದ ಹಿಂದೆ ಬಿದ್ದಿದ್ದರು. ಅವರು ಅಲ್ಲಿನ ಪೇಟೆಂಟ್ ಕಚೇರಿ ತಲುಪೋ ಹೊತ್ತಿಗೆ ಬೇಕ್‌ಲ್ಯಾಂಡ್ ಅರ್ಜಿ ಬಂದು ಒಂದು ದಿನ ಆಗಿತ್ತು. ಮುಂದೆ ಅದೇ ಸ್ವಿನ್‌ಬರ್ನ್ ಬ್ರಿಟನ್‌ನ ಬೇಕಲೈಟ್ ಕಂಪನಿಯ ಅಧ್ಯಕ್ಷರಾದರು. ಸೋತವರನ್ನು ಜೊತೆಗೆ ಸೇರಿಸಿಕೊಳ್ಳೋದು ಬೇಕ್‌ಲ್ಯಾಂಡ್ ವ್ಯವಹಾರದ ರೀತಿಯಾಗಿತ್ತು.

ಕಂಪನಿ, ಯುದ್ಧ, ಕೋರ್ಟು

1909ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ರಸಾಯನಶಾಸ್ತ್ರಜ್ಞರ ಮುಂದೆ ಅವರು ತಮ್ಮ ವಸ್ತುವನ್ನು ಪ್ರಕಟಿಸಿದರು. 1910ರಲ್ಲಿ ಜನರಲ್ ಬೇಕಲೈಟ್ ಕಂಪನಿ ಶುರುವಾಯಿತು. ಇದಕ್ಕಿಂತ ಮೊದಲಿದ್ದ ಸೆಲ್ಯುಲಾಯ್ಡ್ ಹತ್ತಿಯಂಥ ಸಸ್ಯದ ನಾರಿನಿಂದ ಬಂದದ್ದು, ಬೇಗ ಬೆಂಕಿ ಹಿಡಿಯುತ್ತಿತ್ತು. ಬೇಕಲೈಟ್‌ನಲ್ಲಿ ಗಿಡದ್ದೂ ಇಲ್ಲ, ಪ್ರಾಣಿಯದ್ದೂ ಇಲ್ಲ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಅಂತ ಅದನ್ನು ಕರೆಯೋದು ಅದಕ್ಕೇ. ಕಾರಿನ ಇಗ್ನಿಷನ್ ಭಾಗ, ರೇಡಿಯೋ ಪೆಟ್ಟಿಗೆ, ಟೆಲಿಫೋನ್, ಬಿಲಿಯರ್ಡ್ಸ್ ಚೆಂಡು ಎಲ್ಲವೂ ಅದರಲ್ಲಾದವು. ಕಂಪನಿ ತನ್ನ ಗುರುತಿಗೆ ಗಣಿತದ ಅನಂತ ಚಿಹ್ನೆಯನ್ನೇ ಬಳಸಿಕೊಂಡಿತು.

ಆಮೇಲೆ ಮೊದಲನೇ ಮಹಾಯುದ್ಧ ಬಂತು. ಫೀನಾಲ್‌ಗೆ ನೈಟ್ರಿಕ್ ಆಸಿಡ್ ಸೇರಿಸಿದರೆ ಅದೇ ಆರ್ಥೋ, ಪ್ಯಾರಾ ಜಾಗಗಳಿಗೆ ಮೂರು ನೈಟ್ರೋ ಗುಂಪು ಕೂತು ಪಿಕ್ರಿಕ್ ಆಸಿಡ್ ಆಗುತ್ತೆ. ಅದು ಸಿಡಿಮದ್ದು. ಯುರೋಪಿನ ಫೀನಾಲ್ ಎಲ್ಲ ಬಾಂಬಿಗೆ ಹೋಗಿ ಅಮೆರಿಕದಲ್ಲಿ ಅಭಾವ ಬಂತು. ಗ್ರಾಮಫೋನ್ ತಟ್ಟೆಗೆ ಫೀನಾಲ್ ರೆಸಿನ್ ಬಳಸುತ್ತಿದ್ದ ಥಾಮಸ್ ಎಡಿಸನ್ ತಾವೇ ಫೀನಾಲ್ ಕಾರ್ಖಾನೆ ಹಾಕಿಕೊಂಡರು. ಇದೇ ಯುದ್ಧದ ಹೊತ್ತಿನಲ್ಲಿ ಎಡಿಸನ್ ಮುಂದಾಳತ್ವದ ನೌಕಾಪಡೆಯ ಸಲಹಾ ಮಂಡಳಿಯಲ್ಲಿ ಬೇಕ್‌ಲ್ಯಾಂಡ್ ಕೂಡ ಇದ್ದರು. ಕುಕ್ಕರ್ ಹಿಡಿ ಮತ್ತು ಬಾಂಬು ಎರಡೂ ಉಂಗುರದ ಅದೇ ಮೂರು ಜಾಗಗಳಿಂದ ಬಂದವು ಅನ್ನೋದನ್ನು ಟೆಕ್ಸ್ಟ್ ಬುಕ್ ನಮಗೆ ಬಿಡಿಸಿ ಹೇಳಲ್ಲ.

ಪೇಟೆಂಟ್ ಜಗಳಗಳು ವರ್ಷಗಟ್ಟಲೆ ನಡೆದವು. 1922ರಲ್ಲಿ ಎರಡು ಎದುರಾಳಿ ಕಂಪನಿಗಳನ್ನು ಸೇರಿಸಿಕೊಂಡು ಬೇಕಲೈಟ್ ಕಾರ್ಪೊರೇಷನ್ ಆಯಿತು. 1924ರಲ್ಲಿ ಬೇಕ್‌ಲ್ಯಾಂಡ್ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರಾದರು. ಅದೇ ವರ್ಷ ಟೈಮ್ ಪತ್ರಿಕೆಯ ಮುಖಪುಟದಲ್ಲೂ ಬಂದರು.

ಕೊನೆಯ ವರ್ಷಗಳು

ಹಣ, ಹೆಸರು ಬಂದ ಮೇಲೆ ಅವರು ಕಂಪನಿಯ ಕೆಲಸದಲ್ಲಿ ಖುಷಿಯಾಗಿರಲಿಲ್ಲ. ಲ್ಯಾಬ್‌ನಲ್ಲಿ ಇರಬೇಕಿದ್ದ ಸಮಯ ವಕೀಲರು ಮತ್ತು ಲೆಕ್ಕಪತ್ರಗಳಿಗೆ ಹೋಗುತ್ತಿತ್ತು. ಮಗ ಜಾರ್ಜ್ ಕಂಪನಿ ವಹಿಸಿಕೊಳ್ಳಲಿ ಅಂತ ಆಸೆಯಿತ್ತು, ಆದರೆ ಅಪ್ಪ ಮಗನಿಗೆ ಹೊಂದಾಣಿಕೆ ಆಗಲಿಲ್ಲ. 1939ರಲ್ಲಿ ಕಂಪನಿಯನ್ನು ಯೂನಿಯನ್ ಕಾರ್ಬೈಡ್‌ಗೆ ಮಾರಿದರು. ಆಮೇಲೆ ಫ್ಲಾರಿಡಾದ ಮನೆಯಲ್ಲಿ ಗಿಡ ಬೆಳೆಸುತ್ತಾ, ಡಬ್ಬಿಯ ಊಟ ತಿನ್ನುತ್ತಾ, ಸೆಖೆಯಾದರೆ ಬಟ್ಟೆ ಸಮೇತ ಈಜುಕೊಳಕ್ಕೆ ಇಳಿಯುತ್ತಾ ಹೆಚ್ಚುಹೆಚ್ಚು ಒಂಟಿಯಾದರು. 1944ರ ಫೆಬ್ರವರಿ 23ರಂದು ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ, 80ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಅರವತ್ತಕ್ಕೂ ಹೆಚ್ಚು ದಿನಚರಿ ಪುಸ್ತಕಗಳು ಉಳಿದಿವೆ.

ಬೇಕ್‌ಲ್ಯಾಂಡ್ ಬಗ್ಗೆ ಬರೆಯುವಾಗ ಪ್ಲಾಸ್ಟಿಕ್ ಕಸದ ಮಾತು ಬಿಡೋಕಾಗಲ್ಲ. ನಮ್ಮ ಚರಂಡಿ ಕಟ್ಟಿಸೋ ಕ್ಯಾರಿಬ್ಯಾಗ್ ಬೇಕಲೈಟ್ ಅಲ್ಲ, ಪಾಲಿಥಿನ್. ಆದರೆ ಬೇಕಲೈಟ್‌ಗೂ ಅದರದೇ ತೊಂದರೆ ಇದೆ. ಕರಗದೇ ಇರೋದೇ ಅದರ ಗುಣ, ಹಾಗಾಗಿ ಕರಗಿಸಿ ಮತ್ತೆ ಬಳಸೋಕೂ ಆಗಲ್ಲ. ಹೆಚ್ಚು ಶಾಖ ತಡೆಯಲಿ ಅಂತ ಕೆಲವಕ್ಕೆ ಆಸ್ಬೆಸ್ಟಾಸ್ ಕೂಡ ಬೆರೆಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತೆ ಅಂತ ಈಗ ಎಲ್ಲರಿಗೂ ಗೊತ್ತು. ಬೇಕ್‌ಲ್ಯಾಂಡ್ ಕೇಳಿದ ಪ್ರಶ್ನೆ ಇದನ್ನು ಗಟ್ಟಿ ಮಾಡೋದು ಹೇಗೆ ಅಂತ. ಬಳಸಿ ಮುಗಿದ ಮೇಲೆ ಇದನ್ನು ಬಿಡಿಸೋದು ಹೇಗೆ ಅನ್ನೋ ಪ್ರಶ್ನೆ ನಮ್ಮ ಪಾಲಿಗೆ ಉಳಿದಿದೆ. ಥರ್ಮೋಸೆಟ್‌ಗಳ ಮರುಬಳಕೆ ಇವತ್ತಿಗೂ ಸುಲಭವಲ್ಲದ ಸಂಶೋಧನೆಯ ವಿಷಯ. ಕೆಮಿಕಲ್, ಪಾಲಿಮರ್, ಮೆಕ್ಯಾನಿಕಲ್ ಬ್ರಾಂಚ್‌ನ ಗೆಳೆಯರು ಪ್ರಾಜೆಕ್ಟ್ ಹುಡುಕುತ್ತಿದ್ದರೆ ಇದೂ ಒಂದಿರಲಿ.

ಎಲೆಕ್ಟ್ರಾನಿಕ್ಸ್‌ನವರಿಗೂ ಒಂದು ಮಾತಿದೆ. ಅವತ್ತು ಯಾರೂ ಕೊಳ್ಳದ ಆ ನೊವೊಲ್ಯಾಕ್ ಮಾದರಿಯ ರಾಳ ಮುಂದೆ ಚಿಪ್ ತಯಾರಿಕೆಗೆ ಬಂತು. ಸಿಲಿಕಾನ್ ಮೇಲೆ ಬೆಳಕಿನಿಂದ ವಿನ್ಯಾಸ ಮೂಡಿಸಲು ಬಳಸುವ ಫೋಟೋರೆಸಿಸ್ಟ್‌ಗಳಲ್ಲಿ ಅದು ದಶಕಗಳ ಕಾಲ ಮುಖ್ಯ ವಸ್ತುವಾಗಿತ್ತು, ಈಗಲೂ ಹಲವು ಕಡೆ ಬಳಕೆಯಲ್ಲಿದೆ. ಬೆಳಕಿನಿಂದ ಚಿತ್ರ ಮೂಡಿಸುವ ಕೆಲಸವನ್ನು ಒಪ್ಪಂದಕ್ಕೆ ಕಟ್ಟುಬಿದ್ದು ಬಿಟ್ಟವರು ಬೇಕ್‌ಲ್ಯಾಂಡ್. ಅವರ ರಾಳ ಬೇರೆ ದಾರಿಯಲ್ಲಿ ಅದೇ ಕೆಲಸಕ್ಕೆ ಹೋಗಿ ಸೇರಿತು.

ಫ್ಲಾಸ್ಕ್‌ನ ತಳದಲ್ಲಿ ಉಳಿದ ಅಂಟನ್ನು 35 ವರ್ಷ ಬಹಳ ಜನ ನೋಡಿದ್ದರು. ಅವರೆಲ್ಲ ನಮಗಿಂತ ದೊಡ್ಡ ವಿದ್ವಾಂಸರೇ, ಬೇಯರ್‌ಗಂತೂ ಮುಂದೆ ನೊಬೆಲ್ ಬಂತು. ಬೇಕ್‌ಲ್ಯಾಂಡ್ ಅದನ್ನು ತೊಳೆದು ಹಾಕದೆ, ಇದು ಯಾವ ಉಷ್ಣತೆಗೆ, ಯಾವ ಒತ್ತಡಕ್ಕೆ ಹೇಗಿರುತ್ತೆ ಅಂತ ಅಳೆದು ಬರೆದಿಟ್ಟರು. ಮುಂದಿನ ಸಲ ಲ್ಯಾಬ್‌ನಲ್ಲಿ ಅಂದುಕೊಂಡದ್ದು ಬಿಟ್ಟು ಬೇರೇನೋ ಬಂದರೆ, ಸಿಂಕ್‌ಗೆ ಸುರಿಯೋ ಮೊದಲು ಅದರ ರೀಡಿಂಗ್ ಕೂಡ ತೆಗೆದಿಡೋಣ.